ಅರ್ಧ ನಾಲಿಗೆಯ ಕೂಗು

ಡಾಕ್ಟರಮ್ಮ ಮೈಕನ್ನು ತಂದು ಕೈಗಿಡಲು ಹೋದಾಗ ಗಂಟೆಯಣ್ಣ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. ಇದೇ ತರಕಾರಿ ಮಾರುಕಟ್ಟೆಯಲ್ಲಿ ಇಪ್ಪತ್ತೆರಡು ವರ್ಷ ಹರಾಜು ಕೂಗಿದವನು ಅವನು. ಮೈಕಿಲ್ಲದೆಯೇ ಅವನ ದನಿ ಲಾರಿ ನಿಲ್ಲುವ ಗೇಟಿನವರೆಗೂ ಕೇಳುತ್ತಿತ್ತು. ಅದಕ್ಕೇ ಆ ಹೆಸರು. ಹೋದ ವರ್ಷ ಕ್ಯಾನ್ಸರ್ ಎಂದು ಅರ್ಧ ನಾಲಿಗೆ ತೆಗೆದ ಮೇಲೆ ಅವನ ಮಾತು ಸಲೀಸಾಗಿ ತಿಳಿಯುತ್ತಿದ್ದದ್ದು ಹೆಂಡತಿಯೊಬ್ಬಳಿಗೇ. ಈಗ ಮೂಟೆಗಳಿಗೆ ಚೀಟಿ ಅಂಟಿಸುತ್ತಾನೆ. ಬಾಯಿ ಬಿಡುವ ಅಗತ್ಯವಿಲ್ಲದ ಕೆಲಸ.

"ಬೆಳಗ್ಗೆ ಆರರಿಂದ ಕೂತಿದ್ದೀನಿ, ಒಬ್ರೂ ಬಂದಿಲ್ಲ," ಎಂದರು ಡಾಕ್ಟರಮ್ಮ. "ನಾನು ಹೇಳಿದ್ರೆ ಭಾಷಣ ಅಂತಾರೆ. ನೀವು ಎರಡು ಮಾತು ಹೇಳಿ."

ಅವನು ತಲೆ ಅಡ್ಡಡ್ಡ ಆಡಿಸಿದ.

ಮೇಜಿನ ಮೇಲೆ ಟಾರ್ಚು, ಕೈಗವಸಿನ ಪೆಟ್ಟಿಗೆ, ಕಟ್ಟು ಬಿಚ್ಚದ ಚಪ್ಪಟೆ ಮರದ ಕಡ್ಡಿಗಳು. ಎದುರಿನ ಕುರ್ಚಿ ಖಾಲಿ. 'ಉಚಿತ ಬಾಯಿ ತಪಾಸಣೆ' ಎಂದು ಬರೆದ ಬಟ್ಟೆಯ ಕೆಳಗೇ ಹಮಾಲರು ಮೂಟೆ ಹೊತ್ತು ಓಡಾಡುತ್ತಿದ್ದರು. ಅವರ ಮೇಸ್ತ್ರಿಯಂತೂ ಹೊಗೆಸೊಪ್ಪಿನ ಉಂಡೆಯನ್ನು ಈ ಕೆನ್ನೆಯಿಂದ ಆ ಕೆನ್ನೆಗೆ ಸರಿಸುತ್ತಾ, "ಹಲ್ಲು ಎಣಿಸಿ ಕೊಳ್ಳೋಕೆ ನಾವೇನು ಎತ್ತುಗಳಾ?" ಎಂದು ಬೆಳಗ್ಗೆಯೇ ಎಲ್ಲರನ್ನೂ ನಗಿಸಿದ್ದ.

ಮೈಕು ಹಿಡಿದ ಡಾಕ್ಟರಮ್ಮನ ಕೈ ಇನ್ನೂ ಮುಂದೆಯೇ ಚಾಚಿತ್ತು. ಗಂಟೆಯಣ್ಣ ಆ ಕೈಯನ್ನು ನೋಡಿದ. ಮೂಗಿನ ನಳಿಕೆಯಲ್ಲೇ ಊಟ ನಡೆಯುತ್ತಿದ್ದ ಐದು ವಾರ, ಪ್ರತಿ ಸಂಜೆ ಮನೆಗೆ ಹೊರಡುವ ಮುನ್ನ ಮಂಚದ ಪಕ್ಕ ಕೂತು, "ಇವತ್ತು ಒಂದೇ ಒಂದು ಅಕ್ಷರ ಹೇಳಿ ನೋಡೋಣ," ಎನ್ನುತ್ತಿದ್ದವರು ಈಕೆ. ಅವನು 'ಮ' ಎಂದ ದಿನ ವಾರ್ಡಿಗೆಲ್ಲ ಕೇಳುವಂತೆ ಚಪ್ಪಾಳೆ ತಟ್ಟಿದ್ದರು. ಮೊದಲ ಗುಟುಕು ನೀರು ಕೆಮ್ಮಿಲ್ಲದೆ ಇಳಿದು ಗಂಡ ಹೆಂಡತಿ ಇಬ್ಬರೂ ಅತ್ತಾಗ, ಕಿಟಕಿಯ ಕಡೆ ತಿರುಗಿ ತಾವೂ ಕನ್ನಡಕ ಒರೆಸಿಕೊಂಡಿದ್ದರು. ಇಂಥವರು ಖಾಲಿ ಕುರ್ಚಿಯ ಮುಂದೆ ಕೂತಿರುವಾಗ ತಾನು ಚೀಟಿ ಅಂಟಿಸಿಕೊಂಡು ಇರುವುದು ಅವನಿಂದಾಗಲಿಲ್ಲ. ಮೈಕು ಈಸಿಕೊಂಡು ಹರಾಜಿನ ಕಟ್ಟೆ ಹತ್ತಿದ.

"ಅಣ್ಣಂದಿರಾ" ಎನ್ನಹೋದದ್ದು ಸ್ಪೀಕರಿನಲ್ಲಿ "ಅಂಅಂಯಿಯಾ" ಎಂದು ಮೊಳಗಿತು. ಮಾರುಕಟ್ಟೆಗೆ ಮಾರುಕಟ್ಟೆಯೇ ತಲೆಯೆತ್ತಿತು. ಈರುಳ್ಳಿ ರಾಶಿಯ ಹಿಂದಿನಿಂದ ಮೇಸ್ತ್ರಿ ಅದನ್ನೇ ಥೇಟು ಹಾಗೇ ಅಣಕಿಸಿದ. ನಾಲ್ಕೈದು ಜನ ಕಿಸಕ್ಕನೆ ನಕ್ಕರು. ಗಂಟೆಯಣ್ಣನ ಕಿವಿ ಕೆಂಪಾಯಿತು. ಇಳಿದುಬಿಡೋಣವೆಂದು ಒಂದು ಕಾಲು ಕೆಳಗಿಟ್ಟವನು, ಮತ್ತೆ ಮೇಲೆತ್ತಿಕೊಂಡ.

ಅವನು ಹೇಳಿದ್ದು ಇಷ್ಟು: ನಾಲಿಗೆಯ ಅಂಚಿನಲ್ಲಿ ಬೇಳೆಯಷ್ಟು ಹುಣ್ಣಾಗಿತ್ತು. ನೋವಿರಲಿಲ್ಲ. ನೋವಿಲ್ಲವೆಂದೇ ಐದು ತಿಂಗಳು ಬಿಟ್ಟೆ. ಎರಡು ಮೂರು ವಾರಕ್ಕೆ ಮಾಯದಿದ್ದಾಗಲೇ ತೋರಿಸಿದ್ದರೆ ಇಂದು ನೀವು ನಗುತ್ತಿರಲಿಲ್ಲ. ಮಾಯದ ಹುಣ್ಣಿರಲಿ, ಬಿಳಿ ಮಚ್ಚೆ, ಕೆಂಪು ಮಚ್ಚೆ ಇರಲಿ, ಆ ಕುರ್ಚಿಯಲ್ಲಿ ಎರಡು ನಿಮಿಷ ಕೂತು ಏಳಿ. ನನ್ನ ಜೀವ ಉಳಿಸಿದವರು ಅಲ್ಲಿ ಸುಮ್ಮನೆ ಕೂತಿದ್ದಾರೆ.

ಒಂದೊಂದು ಪದಕ್ಕೂ ಬಾಯಿ ಹೊಸ ದಾರಿ ಹುಡುಕುತ್ತಿತ್ತು. ಜೊಲ್ಲು ಗಲ್ಲಕ್ಕಿಳಿದಾಗ ಟವೆಲಿನಿಂದ ಒರೆಸಿಕೊಂಡು ಬಿಟ್ಟಲ್ಲಿಂದ ಹಿಡಿದ. ನಗು ಯಾವಾಗ ನಿಂತಿತೋ ಅವನಿಗೇ ತಿಳಿಯಲಿಲ್ಲ. ಕಟ್ಟೆ ಇಳಿದು ಮೈಕನ್ನು ಡಾಕ್ಟರಮ್ಮನ ಮೇಜಿನ ಮೇಲಿಟ್ಟ.

ಮೊದಲು ಬಂದು ಕೂತವಳು ಟೊಮೆಟೊ ಮಾರುವ ಹೆಂಗಸು. ಆಮೇಲೆ ತೂಕ ಹಾಕುವವನು. ಆಮೇಲೆ ಸಾಲೇ ಬೆಳೆಯಿತು. ಎಲ್ಲರಿಗಿಂತ ಕೊನೆಗೆ ಮೇಸ್ತ್ರಿ ನಲ್ಲಿಯ ಬಳಿ ಉಂಡೆ ಉಗಿದು, ಬಾಯಿ ಮುಕ್ಕಳಿಸಿ, ಯಾರ ಮುಖವನ್ನೂ ನೋಡದೆ ಬಂದು ಕೂತ. ಡಾಕ್ಟರಮ್ಮನ ಟಾರ್ಚು ಅವನ ಬಾಯೊಳಗೆ ಬಹಳ ಹೊತ್ತು ನಿಂತಿತು. "ನಾಳೆ ಬೆಳಗ್ಗೆ ಆಸ್ಪತ್ರೆಗೆ ಬನ್ನಿ," ಎಂದರು. "ತಪ್ಪಿಸಬೇಡಿ."

ಎರಡು ತಿಂಗಳ ಮೇಲೊಂದು ಬೆಳಗ್ಗೆ ಗಂಟೆಯಣ್ಣ ಚೀಟಿಗೆ ಅಂಟು ಸವರುತ್ತಿದ್ದಾಗ ಮೇಸ್ತ್ರಿ ಎದುರು ಬಂದು ನಿಂತ. ಸ್ವಲ್ಪ ಇಳಿದುಹೋಗಿದ್ದ. ಕೆನ್ನೆಯಲ್ಲಿ ಏನೂ ಇರಲಿಲ್ಲ.

"ಕೆನ್ನೆ ಒಳಗೆ ಇತ್ತಂತೆ ಅಣ್ಣಾ. ಆಗ ತಾನೇ ಶುರುವಾಗಿತ್ತಂತೆ. ಉಗುರಿನಷ್ಟು ತೆಗೆದು ಹೊಲಿಗೆ ಹಾಕಿದ್ರು. ಇನ್ನು ಆಗಾಗ ಹೋಗಿ ತೋರಿಸ್ತಾ ಇದ್ರೆ ಸಾಕು ಅಂದ್ರು. ಇನ್ನೊಂದಾರು ತಿಂಗಳು ಬಿಟ್ಟಿದ್ರೆ ದವಡೆನೇ ಹೋಗ್ತಿತ್ತಂತೆ," ಎಂದವನು ಅವನ ಎರಡೂ ಕೈ ಹಿಡಿದುಕೊಂಡ. ಅಂಟು ಮೆತ್ತಿದ್ದ ಕೈ ಬಿಡಿಸಿಕೊಳ್ಳಲು ನೋಡಿದರೂ ಬಿಡಲಿಲ್ಲ. "ಅವತ್ತು ಅಣಕಿಸಿದೆ. ಅದನ್ನ ಮನಸ್ಸಲ್ಲಿ ಇಟ್ಕೋಬೇಡ. ಮನೆಯವಳು ದಿನಾ ನಿನ್ನ ನೆನೆಸ್ಕೋತಾಳೆ."

ಗಂಟೆಯಣ್ಣನ ಕಣ್ಣು ತುಂಬಿತು. ಅಕ್ಷರ ಅಕ್ಷರ ಬಿಡಿಸಿ, ನಿಧಾನವಾಗಿ ಹೇಳಿದ: "ನನಗಲ್ಲ, ಡಾಕ್ಟರಮ್ಮನಿಗೆ ಹೇಳು. ನಾನು ಮೈಕಲ್ಲಿ ಎರಡು ಮಾತು ಆಡಿದೆ, ಅಷ್ಟೇ."

ಮೇಸ್ತ್ರಿ ಅಲ್ಲವೆಂಬಂತೆ ತಲೆಯಾಡಿಸಿದ.

"ಗೇಟಿನವರೆಗೂ ಕೇಳ್ತಿದ್ದ ನಿನ್ನ ಮಾತು, ಅವತ್ತು ಒಂದೂ ನಂಗೆ ಅರ್ಥ ಆಗ್ಲಿಲ್ಲ ಅಣ್ಣಾ. ಅದಕ್ಕೇ ಹೋಗಿ ಕೂತೆ."