ಕಿಟ್ಟಿಗೊಂದು ಒಳ್ಳೆ ಮಾತು

ಒಂದು ಕೆನ್ನೆಯಲ್ಲಿ ಸೋಪಿನ ನೊರೆ, ಮೈಮೇಲೆ ಬರೀ ಬನಿಯನ್ನು, ಕೈಯಲ್ಲಿ ಎತ್ತಿ ಹಿಡಿದ ಪಂಚೆ. ಸೇತುರಾಮಯ್ಯನವರು ಜಯನಗರದ ಆ ಬೀದಿಯ ಹಿಂದಿನ ಓಣಿಯಲ್ಲಿ ಓಡುತ್ತಿದ್ದರು. ಮುಂದಿನ ರಸ್ತೆಯಲ್ಲಿ ಪೇಟ ಸುತ್ತಿ ಕೋಟು ತೊಟ್ಟ ಹಿರಿಯರೊಬ್ಬರು ಮನೆಯಿಂದ ಮನೆಗೆ ನಿಧಾನವಾಗಿ ಬರುತ್ತಿದ್ದರು. ಅವರು ಮುಂಬಾಗಿಲು ತಟ್ಟುವ ಮೊದಲೇ ಇವರು ಹಿತ್ತಿಲ ಬಾಗಿಲು ತಟ್ಟಬೇಕಿತ್ತು.

ಸುದ್ದಿ ತಂದವಳು ಮಗಳು ವಿಮಲಾ. ಯಾರೋ ಹೆಣ್ಣಿನ ಕಡೆಯವರಂತೆ, ನಮ್ಮ ಕಿಟ್ಟಿ ಹೇಗೆ ಎಂದು ಎಲ್ಲರನ್ನೂ ವಿಚಾರಿಸುತ್ತಿದ್ದಾರಂತೆ, ಮದುವೆಯಾದ ಮೇಲೆ ಹುಡುಗ ಮನೆ ಅಳಿಯನಾಗಿ ಹೋಗಬೇಕಂತೆ. ಆ ಕೊನೆಯ ಮಾತು ಕೇಳಿದ್ದೇ ಸೇತುರಾಮಯ್ಯನವರು ಕ್ಷೌರವನ್ನು ಅರ್ಧಕ್ಕೇ ಬಿಟ್ಟರು. ಕಿಟ್ಟಿ ಬೀದಿ ಬಿಟ್ಟು ಹೋಗುತ್ತಾನೆ ಎಂದರೆ ದೇವರು ಇನ್ನೂ ಕಣ್ಣು ಮುಚ್ಚಿಲ್ಲ ಎಂದಾಯಿತು.

ಕಿಟ್ಟಿ ಸಾಮಾನ್ಯ ಆಸಾಮಿಯಲ್ಲ. ಇಂಟರ್‌ಮೀಡಿಯೆಟ್‌ನಲ್ಲಿ ಡುಮ್ಕಿ ಹೊಡೆದು ಬಂದು ಮೂಲೆಯ ಮೋರಿ ಕಟ್ಟೆಯ ಮೇಲೆ ಕೂತವನು, ಕೂತೇ ಇದ್ದ. ಎದ್ದಾಗಲೆಲ್ಲ ಯಾರಿಗಾದರೂ ಗ್ರಹಚಾರ. ಒಮ್ಮೆ ಟಿಕೆಟ್ಟಿಲ್ಲದೆ ಬಸ್ಸು ಹತ್ತಿದ್ದಲ್ಲದೆ ಇಳಿಯುವಾಗ ಕಂಡಕ್ಟರನ ಟೋಪಿಯನ್ನೂ ಎಗರಿಸಿಕೊಂಡು ಬಂದ. ಅಂದಿನಿಂದ ಆ ಸ್ಟಾಪಿನಲ್ಲಿ ಬಸ್ಸು ನಿಲ್ಲುವುದೇ ಇಲ್ಲ. ಬೀದಿಯ ಗುಮಾಸ್ತರೆಲ್ಲ ಕೋಟು ಹಾಕಿಕೊಂಡು ಮುಂದಿನ ಸ್ಟಾಪಿನ ತನಕ ಬೆವರುತ್ತಾ ನಡೆಯುತ್ತಾರೆ. ಬಿಳೇಕಹಳ್ಳಿಯ ಅಂಜನಮ್ಮ ಹಸು ಹೊಡೆದುಕೊಂಡು ಬಂದು ಮನೆ ಮುಂದೆಯೇ ಹಾಲು ಕರೆದುಕೊಡುತ್ತಿದ್ದಳು. ಕಿಟ್ಟಿ ಆ ಹಸುವಿನ ಕಾಲ ಬಳಿ ಪಟಾಕಿ ಸರ ಹಚ್ಚಿದ. ಹಸು ಕಿತ್ತ ಓಟ ಹೇಗಿತ್ತೆಂದರೆ, ಅಂಜನಮ್ಮ ಈ ಬೀದಿಗೇ ದೊಡ್ಡ ನಮಸ್ಕಾರ ಹಾಕಿ ಹೋದಳು. ಈಗ ಇಡೀ ಬೀದಿ ಬಿಳಿ ಬಣ್ಣದ ನೀರಿಗೆ ಹಾಲು ಎಂದು ಹೆಸರಿಟ್ಟು ಕುಡಿಯುತ್ತಿದೆ. ಅವನನ್ನು ನೋಡಿ ಮೀಸೆ ಮೂಡದ ಹುಡುಗರೂ ಸಿಗರೇಟು ಕಲಿತರು.

ಸೇತುರಾಮಯ್ಯನವರ ಹೊಟ್ಟೆಯುರಿ ಇದೆಲ್ಲಕ್ಕಿಂತ ದೊಡ್ಡದು. ಹೆಂಡತಿ ತೀರಿಕೊಂಡ ಮೇಲೆ ವಿಮಲೆಯನ್ನು ಒಬ್ಬ ಯೋಗ್ಯನ ಕೈಗೆ ಒಪ್ಪಿಸುವುದೊಂದೇ ಅವರ ಬದುಕಿನ ಗುರಿ. ಮೈಸೂರಿನ ಮಾವನವರು ಕಾಗದದ ಮೇಲೆ ಕಾಗದ ಬರೆದು, ಮೊಮ್ಮಗಳ ಮದುವೆ ಯಾವಾಗ ಎಂದು ಬೈಯುತ್ತಿದ್ದರು. ಇದ್ದ ಮನೆ ಅವರದು, ಬೈಸಿಕೊಳ್ಳದೆ ಉಪಾಯವಿಲ್ಲ. ಹೆಣ್ಣು ನೋಡಲು ಹೊರಟ ವರರು ಇಬ್ಬರು; ಇಬ್ಬರೂ ಮನೆ ತಲುಪಲಿಲ್ಲ. ಯಾವ ಕ್ರಾಸು ನೋಡಿದರೂ ಒಂದೇ ಥರ ಕಾಣುವ ಹೊಸ ಬಡಾವಣೆ. ಅವರು ಮೋರಿ ಕಟ್ಟೆಯ ಹತ್ತಿರ ದಾರಿ ಕೇಳಿದರು. ಕಿಟ್ಟಿ ಒಬ್ಬರನ್ನು ಬನಶಂಕರಿಯ ಕಡೆಗೂ ಇನ್ನೊಬ್ಬರನ್ನು ಕೆರೆ ಏರಿಯ ಕಡೆಗೂ ಕೈತೋರಿಸಿ ಕಳಿಸಿದ. ಅಲೆದಲೆದು ರಾಹುಕಾಲ ಬಂತು, ಅಪಶಕುನ ಎಂದು ಅವರು ಹಾಗೇ ಊರಿಗೆ ಹೋದರು. ವಿಮಲಾ ಮಾತ್ರ ಒಂದು ಹನಿ ಕಣ್ಣೀರು ಹಾಕಲಿಲ್ಲ. ನೋವು ನುಂಗಿಕೊಳ್ಳುವ ಹುಡುಗಿ ಎಂದು ಅಪ್ಪನ ಕರುಳು ಚುರುಕ್ ಎಂದಿತ್ತು.

ಹೀಗಾಗಿ ಓಣಿಯ ಓಟ. ಮೊದಲ ಮನೆಯ ಗುರುಶಾಂತಪ್ಪನವರನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. ಅವರು ರಿಟೈರಾದ ಮನುಷ್ಯರು, ಒಳ್ಳೆಯ ಹಾಲಿನ ಕಾಫಿಗಾಗಿ ಏನು ಬೇಕಾದರೂ ಹೇಳಲು ಸಿದ್ಧ. ಕಿಟ್ಟಿಗೆ ಒಂದು ಕಾಲಕ್ಕೆ ಪಾಠ ಹೇಳಿದ್ದ ಜಯಶೀಲಾ ಟೀಚರ್ ಮಾತ್ರ ಹಿಂಜರಿದರು.

"ಕಂಡೋರ ಮಕ್ಕಳನ್ನ ಬಾವಿಗೆ ತಳ್ಳಿದ ಹಾಗಾಗಲ್ವಾ ಸಾರ್?"

"ನಿಮ್ಮ ಮಗಳೂ ಅಲ್ಲ, ನನ್ನ ಮಗಳೂ ಅಲ್ಲ. ನೂರು ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ಹಿರಿಯರೇ ಹೇಳಿಲ್ವೇನಮ್ಮ?"

ಟೀಚರ್ ಯೋಚಿಸಿದರು. ಬಸ್ ಸ್ಟಾಪಿನ ನೆನಪಾಯಿತು, ಒಪ್ಪಿದರು. ಪೇಟದವರು ಬಂದಾಗ, ಅಂಥ ವಿದ್ಯಾರ್ಥಿ ತಮ್ಮ ಸರ್ವೀಸಿನಲ್ಲೇ ಇನ್ನೊಬ್ಬ ಬರಲಿಲ್ಲ ಎಂದರು. ಅದು ನಿಜವೇ. ಹುಡುಗ ಸಿಗರೇಟು ಸೇದುತ್ತಾನೆಯೇ ಎಂದು ಕೇಳಿದ್ದಕ್ಕೆ, ಸ್ವಂತ ದುಡ್ಡಿನಲ್ಲಿ ಸೇದಿದ್ದನ್ನು ತಾವಂತೂ ನೋಡಿಲ್ಲ ಎಂದು ಗುರುಶಾಂತಪ್ಪನವರು ಪ್ರಮಾಣ ಮಾಡಿದರು. ಮಧ್ಯಾಹ್ನದೊಳಗೆ ಕಿಟ್ಟಿಯಷ್ಟು ಸದ್ಗುಣಿ ಬೆಂಗಳೂರಿನಲ್ಲೇ ಇಲ್ಲವೆಂದಾಯಿತು. ಎಷ್ಟು ಸಲೀಸಾಗಿ ಸುಳ್ಳು ಹೇಳಿದರು ನಮ್ಮ ಗೌರವಸ್ಥರು! ಕಿಟ್ಟಿ ಅವರ ಹತ್ತಿರ ಟ್ಯೂಷನ್ನಿಗೆ ಹೋಗಬಹುದಿತ್ತು.

ಕೊನೆಗೆ ಪೇಟದವರು ಸೇತುರಾಮಯ್ಯನವರ ಮನೆಗೇ ಬಂದು ಕೂತರು. ಹೆಸರು ರಾಮಪ್ರಸಾದ. ವಿಮಲಾ ಕಾಫಿ ತಂದಿಟ್ಟು, ಅವರ ಕಾಲಿಗೆ ನಮಸ್ಕಾರ ಮಾಡಿ ಒಳಗೆ ಹೋದಳು. ಸಂಸ್ಕಾರ ಅಂದರೆ ಇದು ಎಂದು ಅಪ್ಪ ಬೀಗಿದರು.

ಜಾತಕ ಕೂಡಿದೆ, ಹುಡುಗಿಯ ಮನಸ್ಸೂ ಇದೆ, ಗುಣವೊಂದೇ ಗೊತ್ತಾಗಬೇಕು ಎಂದು ರಾಮಪ್ರಸಾದರು ವಿಷಯ ಬಿಚ್ಚಿದರು. ಎಲ್ಲ ನಿರ್ಧಾರ ಮನೆ ಹಿರಿಯರದಂತೆ. ಹುಡುಗಿಯ ತಂದೆ ಏನನ್ನುತ್ತಾರೋ ಎಂಬುದೊಂದೇ ಅವರ ಅಳುಕಂತೆ.

ಕೆಲಸ ಕೆಡುವ ವಾಸನೆ ಬಡಿಯಿತು. ಸೇತುರಾಮಯ್ಯನವರು ಕುರ್ಚಿಯ ತುದಿಗೆ ಸರಿದರು.

"ಅಪ್ಪಂದಿರನ್ನ ಕೇಳ್ತಾ ಕೂತರೆ ಮದುವೆ ಆಗೊಲ್ಲ ಸ್ವಾಮಿ. ಹಿರಿಯರು ನಿಶ್ಚಯ ಮಾಡಿಬಿಡಲಿ, ಆಮೇಲೆ ತಿಳಿಸಿದರಾಯ್ತು. ಕಿಟ್ಟಿ ಅಪ್ಪಟ ಚಿನ್ನ. ನಮ್ಮ ವಿಮಲೆಗೇ ಮಾಡ್ಕೊಳ್ತಿದ್ದೆ, ಅವನ ಯೋಗ್ಯತೆಗೆ ನಾವು ಸಾಲದೋರು ಅಂತ ಸುಮ್ಮನಿದ್ದೀನಿ."

"ಮನಸಾರೆ ಹೇಳ್ತಿದ್ದೀರಾ?"

"ದೇವರಾಣೆ."

ರಾಮಪ್ರಸಾದರ ಮುಖ ಅರಳಿತು. ಎದ್ದು ಪೇಟ ಸರಿಮಾಡಿಕೊಂಡರು, ಸೇತುರಾಮಯ್ಯನವರ ಎರಡೂ ಕೈ ಹಿಡಿದುಕೊಂಡರು.

"ದಸರೆಗೆ ಮೈಸೂರಿಗೆ ಬಂದ ವಿಮಲಾ ಹುಡುಗನ ಹೆಸರು ಹೇಳಿದಾಗಿನಿಂದ, ನನ್ನನ್ನ ಕಳಿಸಿದ ನಿಮ್ಮ ಮಾವನವರಿಗೆ ಇದೇ ಯೋಚನೆ ಆಗಿತ್ತು, ನಿಮ್ಮ ಒಪ್ಪಿಗೆ ಸಿಕ್ಕಿದ ಕೂಡಲೇ ಕಿಟ್ಟಿಗೂ ಮೊಮ್ಮಗಳಿಗೂ ಈ ಮನೆ ಮಹಡಿ ಮೇಲೇ ಒಂದು ರೂಮು ಹಾಕಿಸ್ತಾರಂತೆ."