ಚುಚ್ಚಿದ ಕಿವಿ

ಪತ್ತಾರ ಮಾನಪ್ಪ ಬಂಗಾರದ ತಂತಿಯನ್ನು ಕೂಸಿನ ಕಿವಿಗೆ ತಾಗಿಸಬೇಕು ಅನ್ನುವಷ್ಟರಲ್ಲಿ ಅಮಸಿದ್ದ ಆ ಕಿವಿಯನ್ನು ಅಂಗೈಯಿಂದ ಮುಚ್ಚಿಬಿಟ್ಟ. ಮಗಳು ಸೋದರಮಾವನ ತೊಡೆಯ ಮೇಲೆ ಕೂತೇ ಕಿವಿ ಚುಚ್ಚಿಸಿಕೊಳ್ಳಲಿ ಎಂದು, ಬರ್ಮಾ ಯುದ್ಧ ಮುಗಿಸಿ ಅಣ್ಣ ಅಮಸಿದ್ದ ಊರು ತಿಕೋಟಾಕ್ಕೆ ಬರುವ ತನಕ ಸಕ್ರವ್ವ ಕಾದಿದ್ದಳು.

“ಕೈ ತಗಿ ಯಣ್ಣಾ. ಯುದ್ಧ ಮಾಡಿ ಬಂದಾಂವ, ಒಂದ್ ಹನಿ ರಕ್ತಕ್ಕ ಹೆದರ್ತೀಯೇನು?”

ಅಮಸಿದ್ದ ಕೈ ತೆಗೆಯಲಿಲ್ಲ. ಅಂಗೈಯೊಳಗೆ ಆ ಕಿವಿ ಬೆಚ್ಚಗಿತ್ತು. “ಅಲ್ಲಿ ಅಡವ್ಯಾಗ ಅಮೆರಿಕದ ಸಾಹೇಬ ಗುಡ್ಡದ ಮಂದಿಗೆ ಬಂದೂಕು ಕೊಟ್ಟು ಜಪಾನಿ ಸಿಪಾಯಿಗಳ ಮ್ಯಾಲ ಬಿಟ್ಟಿದ್ದ. ಕೊಂದಿದ್ದಕ್ಕ ಗುರ್ತು ಅಂತ ಅವರು ಹೆಣದ ಕಿವಿ ಕೊಯ್ದು ತರತಿದ್ರು. ಸಾಹೇಬ ಕಿವಿ ಇಸ್ಕೊಂಡು, ಆ ಗುಡ್ಡದಾಗ ಸಿಗದ ಉಪ್ಪು ಇನಾಮು ಕೊಡತಿದ್ದ. ಒಂದಿನ ಬಂದಿದ್ರಾಗ ಒಂದು ಇಷ್ಟ ಸಣ್ಣದಿತ್ತು ತಂಗೀ. ಚುಚ್ಚಿದ ಕಿವಿ. ತೂತಿನ್ಯಾಗ ಕೆಂಪು ದಾರ ಹಂಗ ಇತ್ತು.”

ಪತ್ತಾರ ತಂತಿಯನ್ನು ಕೆಳಗಿಟ್ಟ. ಸಕ್ರವ್ವ ಮಗಳನ್ನು ಅಣ್ಣನ ತೊಡೆಯಿಂದ ಎಳೆದು ಎದೆಗೆ ಅವಚಿಕೊಂಡಳು. “ಅದು ಸಿಪಾಯಿದಲ್ಲಂತ ಆ ಸಾಹೇಬಗ ತಿಳೀಲಿಲ್ಲೇನು?”

“ತಿಳೀತು. ದಾರ ಹಿಡಿದು ಎತ್ತಿ ನೋಡಿದ” ಅಂದ ಅಮಸಿದ್ದ, ಬರಿದಾದ ಅಂಗೈಯನ್ನೇ ನೋಡುತ್ತ. “ನೋಡಿ, ಅದಕ್ಕೂ ಉಪ್ಪು ಕೊಟ್ಟ.”