ಒಡಪು ಕೇಳಿದ ಗೋಡೆ

ಶನಿವಾರ ಬೆಳಿಗ್ಗೆ ಎಂಟೂ ಐವತ್ತಕ್ಕೆ ಫ್ರೀಮಾಂಟಿನಲ್ಲಿ ರೈಲು, ಹತ್ತಕ್ಕೆ ಐದು ನಿಮಿಷವಿರುವಾಗ ಸ್ಯಾನ್ ಫ್ರಾನ್ಸಿಸ್ಕೋದ ಮಿಷನ್ ಓಣಿ, ಸರಿಯಾಗಿ ಹತ್ತಕ್ಕೆ ಸ್ಪ್ಯಾನಿಶ್ ಪಾಠ. ಆರು ವಾರ ಈ ಕ್ರಮ ತಪ್ಪಿರಲಿಲ್ಲ. ಏಳನೆಯ ವಾರವೂ ತಪ್ಪಲಿಲ್ಲ. ಆದರೆ ಹತ್ತೂ ಇಪ್ಪತ್ತಕ್ಕೆ, ಗೋಡೆಯ ಮುಂದೆ ನಿಂತ ಬಂಗಾರೆವ್ವ ನಾಲ್ಕು ಪದ ಹೇಳಿ ಐದನೆಯದಕ್ಕೆ ಬಾಯಿ ಮುಚ್ಚಿಕೊಂಡರು.

"ಮಿ ಎಸ್ಪೋಸೋ ಸೆ ಯಮಾಬಾ..."

ನನ್ನ ಗಂಡನ ಹೆಸರು ಎಂಬಲ್ಲಿಗೆ ಮಾತು ನಿಂತಿತು. ಪಕ್ಕದಲ್ಲಿದ್ದ ಸೊಸೆ ಸಂಯುಕ್ತಾ ಅವರತ್ತ ತಿರುಗಿದಳು. ರಕ್ತಪರೀಕ್ಷೆಗೆ ಬರುವ ರೋಗಿಗಳೊಡನೆ ಅವರದೇ ಭಾಷೆಯಲ್ಲಿ ಮಾತಾಡಬೇಕೆಂದು ಈ ಪಾಠಕ್ಕೆ ಸೇರಿದವಳು ಅವಳು. ಮನೆಯಲ್ಲಿ ಒಬ್ಬರೇ ಕೂರುವುದು ಬೇಡವೆಂದು ಅತ್ತೆಯನ್ನೂ ಕರೆತಂದಿದ್ದಳು. ಪಾಠ ಹೇಳುತ್ತಿದ್ದ ರೊಸಾಲ್ಬಾ ಗೋಡೆಗಳಿಗೆ ಚಿತ್ರ ಬರೆಯುವ ಹೆಂಗಸು. ಪುಸ್ತಕವಿಲ್ಲ, ಇಂಗ್ಲಿಷ್ ಇಲ್ಲ. ಜೋಳದ ಚಿತ್ರದ ಮುಂದೆ ನಿಂತು ಜೋಳ, ಅಜ್ಜಿಯ ಚಿತ್ರದ ಮುಂದೆ ನಿಂತು ಅಜ್ಜಿ. ಸಂಯುಕ್ತಾ ಎಲ್ಲವನ್ನೂ ಬರೆದುಕೊಂಡು ಕಲಿತಳು. ಬಂಗಾರೆವ್ವ ಬರೆದುಕೊಳ್ಳದೆ, ಓಣಿಯ ಮುದುಕಿಯರ ಜೊತೆ ಕಟ್ಟೆಯ ಮೇಲೆ ಕೂತು, ಅವಳಿಗಿಂತ ಬೇಗ ಕಲಿತರು.

ಈ ಗೋಡೆ ಮಾತ್ರ ಬೇರೆ. ಅದರ ತುಂಬ ಚೆಂಡುಹೂಗಳು, ಒಂದೊಂದು ಎಸಳಿಗೂ ತೀರಿಹೋದ ಒಬ್ಬರ ಹೆಸರು. ನಿಯಮ ಒಂದೇ: ಕಳೆದುಕೊಂಡವರೇ ಬಂದು, ಗೋಡೆಯ ಮುಂದೆ ನಿಂತು, ಹೆಸರನ್ನು ಬಾಯಿಬಿಟ್ಟು ಹೇಳಬೇಕು. ಚೀಟಿ ನಡೆಯದು. ಸೋಮವಾರ ಗೋಡೆಗೆ ಕಟ್ಟಿದ ಅಟ್ಟಣಿಗೆ ಬಿಚ್ಚುತ್ತಾರೆ. ಆಮೇಲೆ ಹೊಸ ಹೆಸರಿಲ್ಲ. "ಅವರು ಹನ್ನೆರಡು ವರ್ಷ ಓಡಾಡ್ಯಾರ ಈ ನಾಡಿನ್ಯಾಗ. ಮಣ್ಣು ಊರಾಗ ಆತು. ಇಲ್ಲಿ ಒಂದು ಗುರುತಿಲ್ಲ," ಎಂದು ಒಂದು ಎಸಳು ಕೇಳಿದವರು ಬಂಗಾರೆವ್ವನೇ. ವಾರವಿಡೀ ಅಡುಗೆಮನೆಯಲ್ಲಿ ಆ ವಾಕ್ಯ ಉರುಹೊಡೆದಿದ್ದರು. "ಯಮಾ ಬಾ ಅಂತ ಯಾಕ ಕರೀಬೇಕು? ಅಂವ ಬಂದು ಹೋಗಿ ಮೂರು ವರ್ಷಾತು," ಎಂದು ನಗಿಸಿಯೂ ಇದ್ದರು. ಪ್ರತಿಸಲವೂ ಹೆಸರಿನ ಮುಂಚೆ ನಿಲ್ಲಿಸುತ್ತಿದ್ದುದನ್ನು ಸಂಯುಕ್ತಾ ಗಮನಿಸಿದ್ದಳು. ಗೊತ್ತಿರುವ ಹೆಸರಿಗೆ ಅಭ್ಯಾಸವೇಕೆ ಎಂದು ಬಿಟ್ಟಿದ್ದಳು.

"ಅತ್ತೆ, ಮರ್ತೋಯ್ತಾ? ನಾನೇ ಹೇಳ್ಬಿಡ್ಲಾ? ವಿರು..."

ಬಂಗಾರೆವ್ವ ಅವಳ ಮುಂಗೈ ಹಿಡಿದರು. "ಸುಮ್ನಿರು. ನೀ ಹೇಳಿದ್ರ ರೇಶನ್ ಕಾರ್ಡಿಗೆ ಹೆಸರು ಬರಸಿದಂಗ ಆಗತೈತಿ."

"ಮತ್ತೆ ನೀವ್ ಯಾಕೆ ಹೇಳ್ತಿಲ್ಲ? ಸೆಂಟೆನ್ಸು ಪರ್ಫೆಕ್ಟಾಗಿ ಬರ್ತಿತ್ತಲ್ಲ!"

"ಗಂಡನ ಹೆಸರು ಎಂದರ ತಗೊಂಡೇನೇನ ನಾನು? ಪರಭಾಷೆಯಾಗ ಹೇಳಿದ್ರ ದೋಷಿಲ್ಲ ಅಂದ್ಕೊಂಡಿದ್ನಿ." ಅವರ ದನಿ ತಗ್ಗಿತು. "ಎಲ್ಲಾ ಮಾತು ಬ್ಯಾರೆ ಆತು ಬೇ. ಹೆಸರು ಮಾತ್ರ ಯಾವ ಭಾಷೆಯಾಗೂ ಅದೇ ಉಳೀತು."

ತಾನು ಸೊಸೆಯಾಗಿ ಬಂದ ಹನ್ನೊಂದು ವರ್ಷಗಳಲ್ಲಿ ಮಾವನಿಗೆ ಅತ್ತೆ ಬಳಸಿದ 'ಅವರು', 'ಇವರು', ಮಗನ ಹೆಸರು ಹಿಡಿದು 'ಸಂತೋಷನ ಅಪ್ಪ' ಎಲ್ಲವೂ ಸಂಯುಕ್ತಾಳಿಗೆ ಆಗ ಒಂದೇ ಸಾಲಿನಲ್ಲಿ ಕೇಳಿಸಿದವು. ಮೈಸೂರಿನ ತನ್ನ ಮನೆಯಲ್ಲಿ ಅಮ್ಮ ಅಪ್ಪನನ್ನು ಹೆಸರು ಹಿಡಿದೇ ಕೂಗುತ್ತಿದ್ದರು. ಇದು ಅವಳ ಲೆಕ್ಕಕ್ಕೆ ಸಿಗದೆ ಹೋಗಿತ್ತು. ತನಗೆ ಬರುವಷ್ಟು ಸ್ಪ್ಯಾನಿಶ್ಶಿನಲ್ಲಿ ಅವಳು ರೊಸಾಲ್ಬಾಳಿಗೆ ವಿವರಿಸಿದಳು. ನಮ್ಮ ಕಡೆ ಹಿರಿಯರು ಗಂಡನ ಹೆಸರು ಹೇಳುವುದಿಲ್ಲ, ಈ ಒಂದು ಸಲ ಚೀಟಿ ನಡೆಯಬಹುದೇ?

ರೊಸಾಲ್ಬಾ ಬಂಗಾರೆವ್ವನನ್ನೇ ನೋಡಿದಳು. "ಎಂದೂ ಹೇಳಿಯೇ ಇಲ್ಲವೇ, ದೋನ್ಯಾ ಬಂಗಾರಾ? ಒಂದು ಸಲವೂ?"

ಆ ಪ್ರಶ್ನೆಗೆ ಅನುವಾದ ಬೇಕಾಗಲಿಲ್ಲ. ಬಂಗಾರೆವ್ವನ ಮುಖದಲ್ಲಿ ನಿಧಾನವಾಗಿ ಏನೋ ಅರಳಿತು. ಹೇಳಿದ್ದರು. ಮದುವೆಯಾಗಿ ಬಂದ ದಿನ, ಹೊಸ್ತಿಲಲ್ಲಿ ಅಡ್ಡಗಟ್ಟಿ ನಿಂತ ನಾದಿನಿಯರು ಹೆಸರು ಹೇಳದೆ ಒಳಗೆ ಬಿಡೆವು ಎಂದಾಗ, ಒಡಪು ಕಟ್ಟಿ ಹೇಳಿದ್ದರು. ಪ್ರಾಸದೊಳಗೆ ಕೂರಿಸಿದರೆ ಹೆಸರಿಗೆ ದೋಷವಿಲ್ಲ. ಈಗ ಚಪ್ಪಲಿ ಬಿಟ್ಟು, ಸೆರಗು ತಲೆಗೆಳೆದುಕೊಂಡು, ಗೋಡೆಯತ್ತ ಒಂದು ಹೆಜ್ಜೆ ಇಟ್ಟರು.

"ಕೆಂಪು ಗ್ವಾಡಿ, ಹಳದಿ ಹೂವ, ಕಡಲಾಚೆ ಪ್ಯಾಟಿ,
ಹುಡುಕಿದರೂ ಸಿಗಲಿಲ್ಲ ನನ್ನವರಿಗೆ ಸಾಟಿ,
ವಿರುಪಾಕ್ಷಪ್ಪನವರ ಹೆಸರ ಹೇಳತೀನಿ ಹೊಸ್ತಿಲಾ ದಾಟಿ!"

ಕೊನೆಯ ಸಾಲಿಗೆ ಕೆನ್ನೆ ಕೆಂಪೇರಿ, ಎಪ್ಪತ್ತೊಂದರ ಬಂಗಾರೆವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಕಟ್ಟೆಯ ಮುದುಕಿಯರು ಚಪ್ಪಾಳೆ ತಟ್ಟಿದರು. ಸಂಯುಕ್ತಾ ಹೆಸರಿನ ಐದು ಅಕ್ಷರಗಳನ್ನು ದಪ್ಪಗೆ ಬರೆದು ಹಿಡಿದಳು. ರೊಸಾಲ್ಬಾ ಅವನ್ನು ನೋಡಿ ನೋಡಿ, ಒತ್ತಕ್ಷರವನ್ನೂ ಬಿಡದೆ, ಎಸಳಿನ ಮೇಲೆ ಕನ್ನಡದಲ್ಲೇ ಮೂಡಿಸಿದಳು.

ಕುಂಚ ಒರೆಸಿಕೊಳ್ಳುತ್ತಿದ್ದ ಅವಳ ಭುಜವನ್ನು ಬಂಗಾರೆವ್ವ ತಿವಿದರು. "ಒಬ್ಬಾಕಿ ಹೇಳಿದ ಮ್ಯಾಲ ಬಾಜೂಕಿನಾಕಿ ಹೇಳಾಕಬೇಕು, ಅದು ಪದ್ಧತಿ. ನೀನೂ ನನ್ನಂಗ ಕಳಕೊಂಡಾಕಿ ಅಂತ ಕಟ್ಟೀ ಮ್ಯಾಲಿನವ್ರು ಹೇಳ್ಯಾರ. ಹೂಂ, ನಿನ್ನ ಪಾಳಿ." ಆಮೇಲೆ, ಓಣಿಯ ಭಾಷೆಯಲ್ಲಿ, "ತು ಎಸ್ಪೋಸೋ?"

ರೊಸಾಲ್ಬಾಳ ಕೈ ನಿಂತಿತು. ಕುಂಚ ಕೆಳಗಿಟ್ಟು, ನೆಲ ನೋಡುತ್ತ, "ಎರ್ನೆಸ್ತೋ," ಎಂದಳು.

ಸಂಯುಕ್ತಾ ಗೋಡೆಯನ್ನು ಮೇಲಿನಿಂದ ಕೆಳಗೆ, ಎಡದಿಂದ ಬಲಕ್ಕೆ ಓದಿದಳು. ಒಟ್ಟು ಇನ್ನೂರ ಹದಿನಾರು ಹೆಸರುಗಳಿದ್ದವು, ಎಲ್ಲವೂ ರೊಸಾಲ್ಬಾಳ ಕೈಬರಹ. ಎರ್ನೆಸ್ತೋ ಇರಲಿಲ್ಲ.